ಬೆರಳುದ್ದದ ಮೀನಿಗೆ ಒಂದು ಚಳಿಗಾಲ

ಇಸಾಕ್ವಾ ಅನ್ನುವ ಊರು ಸಿಯಾಟಲ್‌ನಿಂದ ಪೂರ್ವಕ್ಕೆ ಅರ್ಧ ಗಂಟೆ ದಾರಿ. ಊರಿನ ನಡುವೆಯೇ ಒಂದು ಹಳ್ಳ ಹರಿಯುತ್ತದೆ. ಅದರ ದಡದಲ್ಲಿ 1930ರ ದಶಕದಲ್ಲಿ ಕಟ್ಟಿದ ಮೀನುಮರಿ ಕೇಂದ್ರ ಇದೆ. ಪ್ರತಿ ವರ್ಷ ಅಕ್ಟೋಬರ್ ಮೊದಲ ವಾರಾಂತ್ಯದಲ್ಲಿ ಅಲ್ಲಿ ಸಾಲ್ಮನ್ ಡೇಸ್ ಹಬ್ಬ. ತಿಂಡಿ ಅಂಗಡಿ, ಮೆರವಣಿಗೆ, ಕಾರು ನಿಲ್ಲಿಸಲು ಜಾಗ ಸಿಗದೆ ಸುತ್ತಾಟ, ಎಲ್ಲಾ ಇರುತ್ತದೆ. ಸಮುದ್ರದಿಂದ ವಾಪಸ್ ಬಂದ ಮೊಳಕೈ ಉದ್ದದ ಮೀನುಗಳು ಸೆಳವಿಗೆ ಎದುರಾಗಿ ಹಾರುವುದನ್ನು ನೋಡಲು ಸೇತುವೆ ತುಂಬ ಜನ. ಈ ಕಡೆ ಇರುವ ಕನ್ನಡದವರು, ಊರಿಂದ ಅಪ್ಪ ಅಮ್ಮ ಬಂದರೆ, ಸ್ನೋಕ್ವಾಲ್ಮಿ ಜಲಪಾತ ತೋರಿಸಿದ ಮೇಲೆ ಕರೆದುಕೊಂಡು ಬರುವುದು ಇಲ್ಲಿಗೇ.

ನಾನೂ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಮೊಟ್ಟೆ ಇಟ್ಟ ಮೇಲೆ ಗಂಡು ಹೆಣ್ಣು ಎರಡೂ ಸಾಯುತ್ತವೆ ಅಂತ ವಿವರಿಸಿದೆ. ಅಮ್ಮ ಸ್ವಲ್ಪ ಹೊತ್ತು ನೀರನ್ನೇ ನೋಡಿ, "ಅಲ್ಲ ಮಾರಾಯ, ಅಪ್ಪ ಅಮ್ಮ ಇಬ್ರೂ ಸತ್ತೋದ್ರೆ ಮರಿಗಳನ್ನ ಯಾರು ನೋಡ್ಕೊಳ್ತಾರೆ?" ಅಂದರು.

ಯಾರೂ ಇಲ್ಲ. ಹಳ್ಳವೇ ನೋಡಿಕೊಳ್ಳಬೇಕು. ಹಳ್ಳಕ್ಕೆ ಆ ಶಕ್ತಿ ಉಳಿದಿದೆಯಾ ಅನ್ನುವುದೇ ಈ ಕಡೆಯ ಸಾಲ್ಮನ್ ಕಥೆಯ ಮುಖ್ಯ ಪ್ರಶ್ನೆ. ಸೇತುವೆ ಮೇಲಿಂದ ಕಾಣುವ ಹಾರಾಟ ಕಥೆಯ ಕೊನೆಯ ಪುಟ ಅಷ್ಟೇ.

ಸಾಲ್ಮನ್ ಅಂತ ಒಂದೇ ಹೆಸರಿನಲ್ಲಿ ಕರೆದರೂ ಪೆಸಿಫಿಕ್ ಕರಾವಳಿಯಲ್ಲಿ ಹಲವು ಜಾತಿಗಳಿವೆ. ಪಿಂಕ್ ಮತ್ತು ಚಮ್ ಮರಿಗಳು ಕಲ್ಲಿನ ಸಂದಿಯಿಂದ ಎದ್ದು ಬಂದ ಕೂಡಲೇ ಸಮುದ್ರದ ಕಡೆ ಹೊರಟುಬಿಡುತ್ತವೆ. ಸಾಕೈ ಸಾಮಾನ್ಯವಾಗಿ ಕೆರೆ ಸೇರಿ ಬೆಳೆಯುತ್ತದೆ. ಕೋಹೋ ಮಾತ್ರ ಹುಟ್ಟಿದ ಹಳ್ಳದಲ್ಲೇ ಒಂದು ವರ್ಷಕ್ಕೂ ಜಾಸ್ತಿ ಕಾಲ ಇರುತ್ತದೆ. ತಾಯಿ ನವೆಂಬರ್, ಡಿಸೆಂಬರ್ ಹೊತ್ತಿಗೆ ಬಾಲದಿಂದ ನುರುಜುಕಲ್ಲು ಕೆದಕಿ ಗುಂಡಿ ಮಾಡಿ ಎರಡೂವರೆ, ಮೂರು ಸಾವಿರ ಮೊಟ್ಟೆ ಇಡುತ್ತಾಳೆ. ಅದರ ಮೇಲೆ ಮತ್ತೆ ಕಲ್ಲು ಎಳೆದು ಮುಚ್ಚುತ್ತಾಳೆ. ಚಳಿಗಾಲ ಕಳೆದು ವಸಂತ ಬಂದಾಗ ಮರಿಗಳು ಮೇಲೆ ಬರುತ್ತವೆ. ಅಲ್ಲಿಂದ ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ಹಳ್ಳದಲ್ಲೇ. ಮರುವರ್ಷದ ವಸಂತದಲ್ಲಿ ಮೈ ಬೆಳ್ಳಿಯಾಗಿ, ಉಪ್ಪುನೀರಿಗೆ ತಯಾರಾಗಿ ಸಮುದ್ರಕ್ಕೆ ಹೊರಡುತ್ತವೆ. ಅಷ್ಟು ದಿನ ಬದುಕಿದ್ದರೆ.

ಲೆಕ್ಕ ಹಾಕಿ ನೋಡಿ. ಸಂತತಿ ಇದ್ದಷ್ಟೇ ಉಳಿಯಬೇಕು ಅಂದರೆ ಮೂರು ಸಾವಿರ ಮೊಟ್ಟೆಯಲ್ಲಿ ಎರಡು ಮೀನು ವಾಪಸ್ ಬಂದರೆ ಸಾಕು. ಉಳಿದ ಎರಡು ಸಾವಿರದ ಒಂಬೈನೂರ ತೊಂಬತ್ತೆಂಟು ಯಾವುದೋ ಹಕ್ಕಿಗೆ, ಟ್ರೌಟ್ ಮೀನಿಗೆ, ಹೂಳಿಗೆ, ಸೀಲ್ ಪ್ರಾಣಿಗೆ ಹೋಗುತ್ತವೆ. ಪ್ರಕೃತಿ ಅಷ್ಟು ಧಾರಾಳವಾಗಿ ಕೊಟ್ಟಿದ್ದನ್ನೂ ನಾವು ಸಾಲದ ಹಾಗೆ ಮಾಡಿದ್ದೀವಿ. ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್ ಅನ್ನುವ ಕಡಲ ಚಾಚಿನ ಚಿನೂಕ್ ಸಾಲ್ಮನ್ 1999ರಲ್ಲೇ ಅಮೆರಿಕದ ಅಪಾಯದ ಪಟ್ಟಿ ಸೇರಿತು, ಇವತ್ತಿಗೂ ಅಲ್ಲೇ ಇದೆ.

ಸಾಲ್ಮನ್‌ಗೆ ಅಣೆಕಟ್ಟು ಮತ್ತು ಅತಿಯಾದ ಬೇಟೆ, ಇವೆರಡೇ ಶತ್ರು ಅಂತ ತುಂಬ ಜನ ನಂಬಿದ್ದಾರೆ. ಅವು ದೊಡ್ಡವು, ನಿಜ. ಇದೇ ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ಕೆಡವಿದಾಗ ಜಗತ್ತೆಲ್ಲ ನೋಡಿತು. ಆದರೆ ಅಣೆಕಟ್ಟೇ ಇಲ್ಲದ ಸಾವಿರಾರು ಸಣ್ಣ ಹಳ್ಳಗಳಲ್ಲೂ ಮೀನು ಕಡಿಮೆಯಾಗಿದೆ. ಅಲ್ಲಿ ಏನಾಯಿತು? ಅಲ್ಲಿ ನೀರು ಓಡಲು ಶುರುಮಾಡಿತು. ಇಷ್ಟೇ ವಿಷಯ. ಆದರೆ ಇದು ನನ್ನ ತಲೆಗೆ ಇಳಿಯಲು ಬಹಳ ಕಾಲ ಬೇಕಾಯಿತು.

ಈ ಸೀಮೆಯಲ್ಲಿ ದೊಡ್ಡ ಮಳೆ ಬರುವುದು ಚಳಿಗಾಲದಲ್ಲಿ. ನವೆಂಬರ್‌ನಲ್ಲಿ ಹಳ್ಳಗಳು ಉಕ್ಕುತ್ತವೆ. ಬೆರಳುದ್ದದ ಮರಿ ಆ ಸೆಳವಿನಲ್ಲಿ ನಿಲ್ಲಲಾರದು. ನಿಲ್ಲಲು ಈಜುತ್ತಲೇ ಇರಬೇಕು, ಈಜಿದರೆ ಮೈಯಲ್ಲಿನ ಕೊಬ್ಬು ಖರ್ಚು, ತಣ್ಣನೆ ನೀರಿನಲ್ಲಿ ಹುಳು ಹುಪ್ಪಟೆ ಕಡಿಮೆ. ಹಾಗಾಗಿ ಅದು ನೀರು ನಿಧಾನ ಇರುವ ಜಾಗ ಹುಡುಕಿಕೊಂಡು ಹೋಗುತ್ತದೆ. ಬಿದ್ದ ಮರದ ಹಿಂದಿನ ಮಡು. ಮುಖ್ಯ ಹರಿವಿನಿಂದ ಕವಲೊಡೆದ ಸಣ್ಣ ಕಾಲುವೆ. ಪಕ್ಕದ ಜೌಗು. ಬೀವರ್ ಕಟ್ಟಿದ ಕುಂಟೆ. ನೋಡುವವರ ಕಣ್ಣಿಗೆ ಅದು ಕೊಳೆತ ಎಲೆ ತುಂಬಿದ, ಕಪ್ಪು ಬಣ್ಣದ, ಸೊಳ್ಳೆ ಜಾಗ. ಮರಿಗೆ ಅದೇ ಮನೆ. ಬೇಸಿಗೆಯ ಕಷ್ಟ ಬೇರೆ: ನೀರು ಬತ್ತುತ್ತದೆ, ಬಿಸಿಯಾಗುತ್ತದೆ. 20 ಡಿಗ್ರಿ ದಾಟಿದರೆ ಮರಿಗೆ ಒದ್ದಾಟ. ಆಗಲೂ ಬೇಕಾಗುವುದು ನೆರಳು ಮತ್ತು ಆಳದ ಮಡು.

ಈ ನಿಧಾನದ ನೀರನ್ನು ಮೊದಲು ಮಾಡಿಕೊಡುತ್ತಿದ್ದವು ಎರಡು: ಬಿದ್ದ ಮರಗಳು ಮತ್ತು ಬೀವರ್‌ಗಳು. ಬೀವರ್ ನೋಡದವರಿಗೆ ಹೇಳುವುದಾದರೆ, ಅದು ಇಲಿ ಜಾತಿಯ ದಪ್ಪ ಪ್ರಾಣಿ, 20 ಕಿಲೋ ತೂಗುತ್ತದೆ. ಹಲ್ಲಿನಲ್ಲೇ ಮರ ಕಡಿದು, ಕೊಂಬೆ ಮಣ್ಣು ಸೇರಿಸಿ ಹಳ್ಳಕ್ಕೆ ಒಡ್ಡು ಕಟ್ಟುತ್ತದೆ. ಅದರ ತುಪ್ಪುಳದಿಂದ ಯುರೋಪಿನಲ್ಲಿ ಟೋಪಿ ಮಾಡುತ್ತಿದ್ದರು. 1820ರ ದಶಕದಲ್ಲಿ ಹಡ್ಸನ್ಸ್ ಬೇ ಅನ್ನುವ ಬ್ರಿಟಿಷ್ ತುಪ್ಪುಳ ವ್ಯಾಪಾರದ ಕಂಪನಿ ಇಲ್ಲಿ ಒಂದು ವಿಚಿತ್ರ ಕೆಲಸ ಮಾಡಿತು. ಅಮೆರಿಕದ ಬೇಟೆಗಾರರು ಈ ಕಡೆ ಬರಬಾರದು ಅಂತ, ಸ್ನೇಕ್ ನದಿ ಸೀಮೆಯ ಬೀವರ್‌ಗಳನ್ನು ಬೇಕೆಂದೇ ಖಾಲಿ ಮಾಡಲು ಹೊರಟಿತು. ಏನೂ ಸಿಗದ ಊರಿಗೆ ಯಾರು ಬರ್ತಾರೆ ಅನ್ನುವ ಲೆಕ್ಕಾಚಾರ. ಬೀವರ್ ಹೋಯಿತು, ಒಡ್ಡು ಒಡೆಯಿತು, ಕುಂಟೆ ಬತ್ತಿತು.

ಆಮೇಲೆ ಮರದ ವ್ಯಾಪಾರ. ರಸ್ತೆ ಇಲ್ಲದ ಕಾಡಿನಿಂದ ದಿಮ್ಮಿ ಸಾಗಿಸಲು ಹಳ್ಳಕ್ಕೆ ಮರದ ಅಡ್ಡಗಟ್ಟೆ ಕಟ್ಟಿ, ನೀರು ತುಂಬಿಸಿ, ದಿಮ್ಮಿ ರಾಶಿ ಹಾಕಿ, ಒಮ್ಮೆಲೇ ಬಾಗಿಲು ತೆಗೆಯುತ್ತಿದ್ದರು. ಆ ಅಬ್ಬರಕ್ಕೆ ಹಳ್ಳದ ತಳದ ನುರುಜುಕಲ್ಲೆಲ್ಲ ಕೊಚ್ಚಿಹೋಗಿ ಬಂಡೆ ಕಾಣುವಷ್ಟಾಯಿತು. ಪಕ್ಕದ ಒರೆಗಾನ್ ರಾಜ್ಯದ ಕೆಲವು ಕಡೆ ಇವತ್ತಿಗೂ ಹಾಗೇ ಇದೆ. ಬಂಡೆಯಲ್ಲಿ ಮೀನು ಗುಂಡಿ ತೋಡುವುದು ಹೇಗೆ?

ನನಗೆ ಇದೆಲ್ಲಕ್ಕಿಂತ ತಮಾಷೆ, ಸಂಕಟ ಎರಡೂ ಅನಿಸುವುದು ಮೂರನೆಯ ಅಧ್ಯಾಯ. 1950ರಿಂದ 70ರ ದಶಕದವರೆಗೆ ಮೀನುಗಾರಿಕೆ ಇಲಾಖೆಗಳೇ ಮುಂದೆ ನಿಂತು ಹಳ್ಳಗಳನ್ನು "ಸ್ವಚ್ಛ" ಮಾಡಿಸಿದವು. ಬಿದ್ದ ಮರ, ಕೊಂಬೆಗಳ ರಾಶಿ ಮೀನಿನ ದಾರಿಗೆ ಅಡ್ಡ ಅನ್ನುವುದು ಆಗಿನ ತಿಳಿವಳಿಕೆ. ಯಂತ್ರ ತಂದು ಎಲ್ಲ ಎಳೆದು ಹಾಕಿದರು. ಕೆಟ್ಟ ಉದ್ದೇಶ ಇರಲಿಲ್ಲ. ಮೀನು ಉಳಿಸಬೇಕು ಅಂತಲೇ ಮಾಡಿದ್ದು. ದೊಡ್ಡ ಮೀನು ಸರಾಗ ಮೇಲೆ ಹೋಗಲಿ ಅಂತ ಯೋಚಿಸಿದರು. ಮರಿ ಚಳಿಗಾಲದಲ್ಲಿ ಎಲ್ಲಿ ಇರುತ್ತದೆ ಅಂತ ಕೇಳಲಿಲ್ಲ. ಸೇತುವೆ ಮೇಲೆ ಅಮ್ಮ ಕೇಳಿದ್ದನ್ನು ಅಲ್ಲಿ ಕೇಳುವವರು ಇರಲಿಲ್ಲ ಅಷ್ಟೇ.

ನಷ್ಟ ಎಷ್ಟು ಅಂತ ಅಂದಾಜು ಮಾಡಿದವರಿದ್ದಾರೆ. ಸಿಯಾಟಲ್‌ನ ಉತ್ತರಕ್ಕೆ ಸ್ಟಿಲಗ್ವಾಮಿಶ್ ಅನ್ನುವ ನದಿ ಇದೆ. 2004ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಆ ನದಿ ಬಯಲಿಗೆ ಹಿಂದೆ ಚಳಿಗಾಲದಲ್ಲಿ ಸುಮಾರು 71 ಲಕ್ಷ ಕೋಹೋ ಮರಿಗಳನ್ನು ಸಾಕುವ ಸಾಮರ್ಥ್ಯ ಇತ್ತು. ಈಗ ಉಳಿದಿರುವುದು 9 ಲಕ್ಷದ 71 ಸಾವಿರಕ್ಕೆ. ಅಂದರೆ 86% ಹೋಯಿತು. ಬೇಸಿಗೆಯ ನಷ್ಟ 61%. ಚಳಿಗಾಲದ್ದೇ ಜಾಸ್ತಿ, ಗಮನಿಸಿ. ಅದರಲ್ಲೂ ದೊಡ್ಡ ಪಾಲು ಬೀವರ್ ಕುಂಟೆಗಳು ಇಲ್ಲವಾದದ್ದರಿಂದ. ಆ ಅಂಕಿ ಓದಿದ ಮೇಲೆ ಕೈಚೀಲದಲ್ಲಿ ಮೀನುಮರಿ ಬಿಡುವ ಫೋಟೋಗಳನ್ನು ನೋಡಿದಾಗ ನನಗೆ ಮೊದಲಿನ ಉತ್ಸಾಹ ಬರುವುದಿಲ್ಲ. ಮರಿ ಬಿಡುವುದು ಒಂದು ದಿನದ ಕೆಲಸ, ಫೋಟೋಗೂ ಚೆನ್ನ. ಆ ಮರಿ ಡಿಸೆಂಬರ್‌ನಲ್ಲಿ ಎಲ್ಲಿ ನಿಲ್ಲಬೇಕು? ಇಸಾಕ್ವಾ ಕೇಂದ್ರ ಇಲ್ಲದಿದ್ದರೆ ಆ ಹಳ್ಳಕ್ಕೆ ಇಷ್ಟು ಮೀನು ವಾಪಸ್ ಬರುತ್ತಿರಲಿಲ್ಲ, ಅದನ್ನೂ ಒಪ್ಪುತ್ತೇನೆ. ಆದರೆ ತೊಟ್ಟಿಯಲ್ಲಿ ಸಾಕುವುದು ತಾತ್ಕಾಲಿಕ ಉಪಾಯ. ಅದು ನಿತ್ಯದ ವ್ಯವಸ್ಥೆಯಾಗಿ ಕೂತುಬಿಟ್ಟಿದೆ.

ಹಾಗಾದರೆ ಈಗ ಮಾಡುತ್ತಿರುವುದು ಏನು? ಒಂದು ಮಾತಿನಲ್ಲಿ ಹೇಳಬೇಕೆಂದರೆ, ಅಪ್ಪಂದಿರು ತೆಗೆದು ಹಾಕಿದ ಮರವನ್ನು ಮಕ್ಕಳು ವಾಪಸ್ ತಂದು ಹಾಕುತ್ತಿದ್ದಾರೆ. 1980ರ ದಶಕದಿಂದ ಇದು ಶುರುವಾಯಿತು. ಬೇರಿನ ಬುಡದ ಸಮೇತ ಇಡೀ ಮರವನ್ನೇ ತರುತ್ತಾರೆ. ಬುಡದ ಬೇರು ಹರಡಿಕೊಂಡಿರುವುದರಿಂದ ನೀರು ಅದಕ್ಕೆ ಹೊಡೆದು ಸುತ್ತುತ್ತದೆ, ಅಡಿಯಲ್ಲಿ ಮಡು ತೋಡುತ್ತದೆ, ಪಕ್ಕದಲ್ಲಿ ನುರುಜು ಬಿಡುತ್ತದೆ. ರಸ್ತೆ ಇದ್ದ ಕಡೆ ಹಿಟಾಚಿಯಲ್ಲಿ ಇಳಿಸುತ್ತಾರೆ, ಇಲ್ಲದ ಕಡೆ ಹೆಲಿಕಾಪ್ಟರ್‌ನಲ್ಲಿ ನೇತುಹಾಕಿಕೊಂಡು ಬಂದು ಇಳಿಸುತ್ತಾರೆ. ಒಂದು ಮರಕ್ಕೆ ಹೆಲಿಕಾಪ್ಟರ್ ಖರ್ಚು! ಊರಿನಲ್ಲಿ ಯಾರಿಗಾದರೂ ಹೇಳಿದರೆ ನಗುತ್ತಾರೆ.

ಬಡವರ ವಿಧಾನವೂ ಒಂದಿದೆ, ನನಗೆ ಅದೇ ಇಷ್ಟ. ಒರೆಗಾನ್‌ನ ಒಣ ಸೀಮೆಯಲ್ಲಿ ಜಾನ್ ಡೇ ನದಿಗೆ ಸೇರುವ ಬ್ರಿಡ್ಜ್ ಕ್ರೀಕ್ ಅನ್ನುವ ಹಳ್ಳ ಇದೆ. ಕೊರೆದು ಕೊರೆದು ಅದು ತನ್ನ ಬಯಲಿಗಿಂತ ತುಂಬ ಕೆಳಗೆ ಇಳಿದಿತ್ತು. ಅಲ್ಲಿ 2009ರಿಂದ ಹಳ್ಳಕ್ಕೆ ಅಡ್ಡಲಾಗಿ ಮರದ ಗೂಟಗಳನ್ನು ಸಾಲಾಗಿ ಹೊಡೆದು, ನಡುವೆ ವಿಲ್ಲೋ ಅನ್ನುವ ನೀರಂಚಿನ ಮರದ ಕೊಂಬೆ ಹೆಣೆದರು. ಇಂಥ ನೂರಕ್ಕೂ ಹೆಚ್ಚು ಅಡ್ಡಗಳು. ಒಂದಷ್ಟು ಕೊಚ್ಚಿ ಹೋದವು. ಉಳಿದವನ್ನು ಬೀವರ್‌ಗಳು ನೋಡಿ, ಇದು ನಮ್ಮದೇ ಅಂದುಕೊಂಡು, ಮುಂದಿನ ಕೆಲಸ ತಾವೇ ಕೈಗೆತ್ತಿಕೊಂಡವು. ನೀರು ಬಯಲಿಗೆ ಹತ್ತಿತು, ಅಂತರ್ಜಲ ಮೇಲೆ ಬಂತು, ಪಕ್ಕದಲ್ಲಿ ಹಸಿರು ಎದ್ದಿತು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಏನೂ ಮಾಡದೆ ಬಿಟ್ಟ ಇನ್ನೊಂದು ಹಳ್ಳದ ಜೊತೆ ಹೋಲಿಸಿದರೆ ಇಲ್ಲಿನ ಮರಿ ಸ್ಟೀಲ್‌ಹೆಡ್ ಮೀನುಗಳು ಬದುಕುಳಿಯುವ ಪ್ರಮಾಣ 52% ಏರಿತ್ತು, ಒಟ್ಟು ಉತ್ಪಾದನೆ 175% ಏರಿತ್ತು. ಸ್ಟೀಲ್‌ಹೆಡ್ ಸಾಲ್ಮನ್ನಿನ ಹತ್ತಿರದ ಸಂಬಂಧಿ. ಒಡ್ಡು ಇದ್ದರೂ ದೊಡ್ಡ ಮೀನುಗಳ ಓಡಾಟಕ್ಕೆ ತೊಂದರೆ ಆಗಲಿಲ್ಲ ಅನ್ನುವುದನ್ನೂ ಅಲ್ಲೇ ಅಳೆದು ನೋಡಿದರು. "ಮರ ತೆಗೆಯಿರಿ, ದಾರಿಗೆ ಅಡ್ಡ" ಅನ್ನುತ್ತಿದ್ದ ಹಳೆಯ ವಾದಕ್ಕೆ ಇದಕ್ಕಿಂತ ಉತ್ತರ ಬೇಕಾ?

ನಮ್ಮಂಥ ಸಾಮಾನ್ಯರ ಪಾಲಿಗೆ ಬರುವುದು ದಡದ ಕೆಲಸ. ಚಳಿಗಾಲದ ಶನಿವಾರ ಬೆಳಿಗ್ಗೆ ಸ್ವಯಂಸೇವಕರನ್ನು ಕರೆಯುತ್ತಾರೆ. ಸಲಿಕೆ, ಕೈಗವಸು ಅವರೇ ಕೊಡುತ್ತಾರೆ. ಅರ್ಧ ಕೆಲಸ ಬ್ಲ್ಯಾಕ್‌ಬೆರಿ ಮುಳ್ಳು ಕೀಳುವುದು. ಹಿಮಾಲಯನ್ ಬ್ಲ್ಯಾಕ್‌ಬೆರಿ ಅಂತ ಹೆಸರು, ಆದರೆ ಹಿಮಾಲಯಕ್ಕೂ ಅದಕ್ಕೂ ಸಂಬಂಧ ಇಲ್ಲ. ಭಾರತದವನು ಅಂತ ಗೊತ್ತಾದ ಕೂಡಲೇ ಜೊತೆಯವರು ನಿಮ್ಮ ಕಡೆಯದೇ ಅಲ್ವಾ ಅಂತ ಕೇಳುತ್ತಾರೆ. ಆಪಾದನೆ ತಳ್ಳಿಹಾಕಿ ಕೆಲಸ ಮುಂದುವರಿಸುತ್ತೇನೆ. ಕಿತ್ತ ಜಾಗದಲ್ಲಿ ಗೋಣಿಚೀಲ ಹಾಸಿ, ಮೇಲೆ ಮರದ ಚೂರು ಸುರಿಯುತ್ತೇವೆ. ಕಳೆ ಏಳಬಾರದು ಅಂತ. ಆ ಗೋಣಿಗಳು ಕಾಫಿ ಬೀಜ ಬಂದ ಹಳೇ ಚೀಲಗಳು, ಸಿಯಾಟಲ್‌ನಲ್ಲಿ ಅದಕ್ಕೆ ಬರ ಇಲ್ಲ. ಬ್ರೆಜಿಲ್, ಗ್ವಾಟೆಮಾಲಾ, ಇಥಿಯೋಪಿಯಾ ಅಂತ ಅಚ್ಚು ಇರುತ್ತದೆ. ಚಿಕ್ಕಮಗಳೂರಿನದು ಎಲ್ಲಾದರೂ ಸಿಗುತ್ತಾ ಅಂತ ತಿರುವಿ ನೋಡುತ್ತಿರುತ್ತೇನೆ. ಇನ್ನೂ ಸಿಕ್ಕಿಲ್ಲ.

ಆಮೇಲೆ ವಿಲ್ಲೋ ನೆಡುವುದು. ಇದಕ್ಕೆ ಸಸಿಯೂ ಬೇಡ, ಗುಂಡಿಯೂ ಬೇಡ. ನಮ್ಮಲ್ಲಿ ಬೇಲಿಗೆ ಗ್ಲಿರಿಸಿಡಿಯಾ ಗೂಟ ಕಡಿದು ನೆಡುತ್ತಾರಲ್ಲ, ಥೇಟ್ ಹಾಗೇ. ಎಲೆ ಉದುರಿದ ಕಾಲದಲ್ಲಿ ಕೋಲು ಕತ್ತರಿಸಿ, ಬುಡ ಚೂಪು ಮಾಡಿ, ಒದ್ದೆ ಮಣ್ಣಿಗೆ ಹೊಡೆದರೆ ಆಯಿತು. ಒಂದೆರಡು ವರ್ಷಕ್ಕೆ ನೀರಿನ ಮೇಲೆ ಬಾಗುತ್ತದೆ. ಅದರ ಪಕ್ಕ ಸೀಡರ್ ಮತ್ತು ಸ್ಪ್ರೂಸ್ ಸಸಿ ನೆಡುತ್ತೇವೆ. ಅವು ದೊಡ್ಡದಾಗಿ, ಮುದಿಯಾಗಿ, ಹಳ್ಳಕ್ಕೆ ಬಿದ್ದು ಮಡು ಮಾಡಬೇಕಾದರೆ ನೂರು, ಇನ್ನೂರು ವರ್ಷ ಬೇಕು. ಅಲ್ಲಿಯವರೆಗೆ ಹಿಟಾಚಿಯೇ ಗತಿ.

ಪೇಟೆಯ ಒಳಗಿನ ಹಳ್ಳಗಳ ಕಥೆ ಇನ್ನೂ ಜಟಿಲ. ಸಿಯಾಟಲ್‌ನ ಥಾರ್ನ್‌ಟನ್ ಕ್ರೀಕ್ ಮನೆಗಳ ಹಿತ್ತಲಿನಲ್ಲಿ ನುಗ್ಗಿಕೊಂಡು ಹರಿಯುತ್ತದೆ. ಮಳೆ ಬಂದರೆ ಛಾವಣಿ, ರಸ್ತೆ, ಪಾರ್ಕಿಂಗ್ ಜಾಗದ ನೀರೆಲ್ಲ ಒಟ್ಟಿಗೆ ಬಂದು ಹೊಡೆಯುತ್ತದೆ. ಪದೇ ಪದೇ ನೀರು ನುಗ್ಗುತ್ತಿದ್ದ ಮನೆಗಳನ್ನು ನಗರದವರೇ ಕೊಂಡು, ಕೆಡವಿ, ಹಳ್ಳಕ್ಕೆ ಜಾಗ ಬಿಟ್ಟರು. 2014ರಲ್ಲಿ ಆ ಕೆಲಸ ಮುಗಿಯಿತು. ಅಲ್ಲಿ ಅವರು ಮಾಡಿದ ಜಾಣತನ ಏನೆಂದರೆ, ಹಳ್ಳದ ತಳವನ್ನು ಆಳಕ್ಕೆ ಅಗೆದು ನುರುಜುಕಲ್ಲು ತುಂಬಿದ್ದು. ಹಳ್ಳ ಅಂದರೆ ಕಣ್ಣಿಗೆ ಕಾಣುವ ನೀರು ಮಾತ್ರ ಅಲ್ಲ. ತಳದ ಕಲ್ಲಿನ ಸಂದಿಯಲ್ಲೂ ಒಂದು ಹಳ್ಳ ನಿಧಾನವಾಗಿ ಹರಿಯುತ್ತಿರುತ್ತದೆ. ಮೇಲಿನ ನೀರು ಕೆಳಗೆ ಇಳಿದು, ತಂಪಾಗಿ, ಸೋಸಿಕೊಂಡು ಮತ್ತೆ ಮೇಲೆ ಏಳುತ್ತದೆ. ಮೊಟ್ಟೆಗೆ ಉಸಿರು ಸಿಗುವುದು ಅಲ್ಲೇ. 2018ರಲ್ಲಿ ಅಲ್ಲಿ ಚಿನೂಕ್ ಬಂದು ಗುಂಡಿ ತೋಡಿ ಮೊಟ್ಟೆ ಇಟ್ಟವು. ದೊಡ್ಡ ಪೇಟೆಯ ನಡುವೆ!

ಮನೆ ಕಟ್ಟಿಕೊಟ್ಟರೂ ಊಟ ಬೇಕಲ್ಲ. ಮರಿಗಳು ತಿನ್ನುವುದು ಕಲ್ಲಿನ ಕೆಳಗಿನ ಹುಳುಗಳನ್ನು. ಪೇಟೆ ಹಳ್ಳಗಳಲ್ಲಿ ಅವೂ ನಾಶವಾಗಿವೆ, ಹಾರಿ ಬರಲು ಹತ್ತಿರದಲ್ಲಿ ಒಳ್ಳೆಯ ಹಳ್ಳವೂ ಇಲ್ಲ. ಸಿಯಾಟಲ್ ಇರುವ ಜಿಲ್ಲೆ ಕಿಂಗ್ ಕೌಂಟಿಯ ವಿಜ್ಞಾನಿಗಳು ಆರೋಗ್ಯವಾಗಿರುವ ಹೊಳೆಗಳಲ್ಲಿ ಕಲ್ಲು ತುಂಬಿದ ಬುಟ್ಟಿಗಳನ್ನು ಇಟ್ಟು, ಹುಳುಗಳು ಸೇರಿಕೊಂಡ ಮೇಲೆ ಅವನ್ನು ತಂದು ಪೇಟೆ ಹಳ್ಳಗಳಲ್ಲಿ ಇಟ್ಟು ನೋಡಿದ್ದಾರೆ. ಹೆಪ್ಪು ಹಾಕುವ ಕೆಲಸ.

ಮೋರಿಗಳ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ರಸ್ತೆ ಅಡಿಯ ಮೋರಿ ಪೈಪಿನ ಬಾಯಿ ಹಳ್ಳದಿಂದ ಎರಡು ಅಡಿ ಮೇಲೆ ಇದ್ದರೆ ದೊಡ್ಡ ಕೋಹೋ ಹಾರಿ ದಾಟೀತು. ಚಳಿಗಾಲದಲ್ಲಿ ಕುಂಟೆ ಹುಡುಕಿಕೊಂಡು ಮೇಲೆ ಹೋಗುವ ಮರಿಗೆ ಅರ್ಧ ಅಡಿಯೂ ಗೋಡೆಯೇ. ಇದರ ಮೇಲೆ ಇಲ್ಲಿನ ಮೂಲನಿವಾಸಿ ಬುಡಕಟ್ಟುಗಳು ವಾಷಿಂಗ್ಟನ್ ರಾಜ್ಯದ ವಿರುದ್ಧ 2001ರಲ್ಲಿ ಕೋರ್ಟಿಗೆ ಹೋದವು. 1850ರ ದಶಕದ ಒಪ್ಪಂದದಲ್ಲಿ ಮೀನು ಹಿಡಿಯುವ ಹಕ್ಕು ಅವರಿಗೇ ಉಳಿದಿದೆ. 1974ರಲ್ಲಿ ಜಡ್ಜ್ ಬೋಲ್ಡ್ ಮೀನಿನಲ್ಲಿ ಅರ್ಧ ಪಾಲು ಅವರದು ಅಂತ ತೀರ್ಪು ಕೊಟ್ಟಿದ್ದರು. ಅದಕ್ಕಾಗಿ ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ ಐವತ್ತಕ್ಕೂ ಹೆಚ್ಚು ಸಲ ಅರೆಸ್ಟ್ ಆಗಿದ್ದರು. ಮೊದಲ ಸಲ ಹದಿನಾಲ್ಕನೇ ವಯಸ್ಸಿನಲ್ಲಿ. ಮೀನೇ ಇಲ್ಲದಿದ್ದರೆ ಅರ್ಧ ಪಾಲಿಗೆ ಏನು ಅರ್ಥ ಅನ್ನುವುದೇ ಮೋರಿ ಕೇಸಿನ ವಾದ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 4-4 ಆಗಿ ಒಡೆದು, ಕೆಳಗಿನ ಕೋರ್ಟಿನ ತೀರ್ಪೇ ಉಳಿಯಿತು. ನೂರಾರು ಮೋರಿ ಕಿತ್ತು ಅಗಲದ ಸೇತುವೆ ಹಾಕುವ ಕೆಲಸ ನಡೆಯುತ್ತಿದೆ, ಖರ್ಚು ನೂರಾರು ಕೋಟಿ ಡಾಲರ್. ಟ್ರಾಫಿಕ್ ನಿಂತಾಗ ಬೈಯುವವರ ಜೊತೆ ನಾನೂ ಇರುತ್ತೇನೆ, ಆದರೆ ಈಗ ಸ್ವಲ್ಪ ಮೆಲ್ಲಗೆ ಬೈಯುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ಸಾಯುವ ಮೀನುಗಳಿವೆ. ಸಿಯಾಟಲ್‌ನ ಲಾಂಗ್‌ಫೆಲ್ಲೋ ಕ್ರೀಕ್‌ನಂಥ ಹಳ್ಳಗಳಲ್ಲಿ ಮೊದಲ ಮಳೆಗೆ ಕೋಹೋಗಳು ಮೇಲೆ ಬಂದು, ಬಾಯಿ ತೆರೆದು, ಗಿರಕಿ ಹೊಡೆದು, ಮೊಟ್ಟೆ ಹೊಟ್ಟೆಯಲ್ಲಿ ಇರುವಂತೆಯೇ ಸತ್ತುಹೋಗುತ್ತಿದ್ದವು. ಹಳ್ಳಕ್ಕೆ ಮರ ಹಾಕಿದ್ದರು, ಗಿಡ ನೆಟ್ಟಿದ್ದರು, ಆದರೂ. ಎರಡು ದಶಕ ಹುಡುಕಿ 2020ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನ ವಿಜ್ಞಾನಿಗಳು ಕಾರಣ ಹೇಳಿದರು. ಕಾರಿನ ಟೈರ್ ಬಿರುಕು ಬಿಡದಿರಲಿ ಅಂತ ರಬ್ಬರಿಗೆ 6ಪಿಪಿಡಿ ಅನ್ನುವ ರಾಸಾಯನಿಕ ಸೇರಿಸುತ್ತಾರೆ. ಅದು ಗಾಳಿಯ ಓಝೋನ್ ಜೊತೆ ಸೇರಿ ಇನ್ನೊಂದು ವಿಷವಾಗುತ್ತದೆ. ಸವೆದ ಟೈರಿನ ಪುಡಿಯಿಂದ ಮಳೆ ನೀರಿಗೆ, ಅಲ್ಲಿಂದ ಹಳ್ಳಕ್ಕೆ. ಚಮ್ ಮೀನಿಗೆ ಅದೇ ನೀರಿನಲ್ಲಿ ಏನೂ ಆಗುವುದಿಲ್ಲ. ಆದರೆ ಕೋಹೋ ಕೆಲವೇ ಗಂಟೆಗಳಲ್ಲಿ ಹೋಗುತ್ತದೆ, ದೊಡ್ಡದೂ ಅಷ್ಟೇ, ಮರಿಯೂ ಅಷ್ಟೇ. ಶನಿವಾರ ವಿಲ್ಲೋ ನೆಡಲು ನಾವೆಲ್ಲ ಬರುವುದು ಕಾರಿನಲ್ಲೇ.

ಸಮಾಧಾನದ ವಿಷಯ ಒಂದಿದೆ. ಅದೇ ರಸ್ತೆ ನೀರನ್ನು ಮರಳು ಮತ್ತು ಕಾಂಪೋಸ್ಟ್ ಬೆರೆಸಿದ ಮಣ್ಣಿನ ಮೂಲಕ ಇಳಿಸಿ ಕೊಟ್ಟರೆ ಮೀನುಗಳು ಸಾಯುವುದಿಲ್ಲ. ಪ್ರಯೋಗ ಮಾಡಿ ತೋರಿಸಿದ್ದಾರೆ. ಇಲ್ಲೂ ಮತ್ತೆ ಅದೇ ಮಾತು: ನೀರು ಪೈಪಿನಲ್ಲಿ ಓಡಬಾರದು, ಮಣ್ಣಿನಲ್ಲಿ ನಿಂತು ಇಳಿಯಬೇಕು.

ಬೀವರ್‌ಗಳು ಮೆಲ್ಲಗೆ ವಾಪಸ್ ಬರುತ್ತಿವೆ. ಬಂದ ಕೂಡಲೇ ಜಗಳವೂ ಶುರು. ಒಬ್ಬರ ಹಿತ್ತಲು ಮುಳುಗುತ್ತದೆ, ಇನ್ನೊಬ್ಬರ ಸೇಬಿನ ಮರ ಹೋಗುತ್ತದೆ. ಮೊದಲಾದರೆ ಬೋನಿಟ್ಟು ಕೊಲ್ಲುತ್ತಿದ್ದರು. ಟುಲೇಲಿಪ್ ಬುಡಕಟ್ಟಿನವರು 2014ರಿಂದ ಇಂಥ ತಂಟೆಕೋರ ಬೀವರ್‌ಗಳನ್ನು ಜೀವಂತ ಹಿಡಿದು ಸ್ಕೈಕೋಮಿಶ್ ನದಿಯ ಮೇಲಿನ ಕಾಡಿನ ಹಳ್ಳಗಳಿಗೆ ಬಿಡುತ್ತಿದ್ದಾರೆ. ಪರ್ವತದ ಆ ಕಡೆಯ ಮೆಥಾವ್ ಕಣಿವೆಯಲ್ಲಿ ಇದೇ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. ಹಿಡಿದ ಬೀವರ್‌ಗಳನ್ನು ಕಾಡಿಗೆ ಬಿಡುವವರೆಗೆ ಅಲ್ಲಿ ಇಟ್ಟುಕೊಂಡದ್ದು ಎಲ್ಲಿ ಗೊತ್ತಾ? ಮೀನುಮರಿ ಕೇಂದ್ರದ ಕಾಂಕ್ರೀಟ್ ತೊಟ್ಟಿಗಳಲ್ಲಿ. ಒಂಟಿ ಬೀವರ್ ಬಿಟ್ಟರೆ ಅದು ಜೊತೆ ಹುಡುಕಿಕೊಂಡು ಎಲ್ಲೋ ಹೊರಟುಹೋಗುತ್ತದೆ, ಒಡ್ಡು ಕಟ್ಟುವುದಿಲ್ಲ. ಹಾಗಾಗಿ ಮೊದಲೇ ಜೋಡಿ ಮಾಡಬೇಕು. ಆದರೆ ಹೊರಗಿನಿಂದ ನೋಡಿದರೆ ಗಂಡು ಯಾವುದು ಹೆಣ್ಣು ಯಾವುದು ತಿಳಿಯುವುದಿಲ್ಲ. ಬಾಲದ ಬುಡದ ಗ್ರಂಥಿ ಒತ್ತಿ ಮೂಸಿ ನೋಡಬೇಕು. ಇಂಜಿನ್ ಆಯಿಲ್ ವಾಸನೆ ಬಂದರೆ ಗಂಡು, ಹಳೇ ಚೀಸ್ ವಾಸನೆ ಬಂದರೆ ಹೆಣ್ಣು. ಮೀನು ಉಳಿಸಲು ಯಾರೋ ಈ ಕೆಲಸಕ್ಕೂ ಸೇರಿಕೊಂಡಿದ್ದಾರೆ ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ನೀನು ಆ ಕೆಲಸಕ್ಕೆ ಮಾತ್ರ ಹೋಗ್ಬೇಡ, ಗಿಡ ನೆಟ್ಕೊಂಡಿರು" ಅಂದರು.